ದಮ್ಮು ಎದೆಯಲ್ಲಿರಬೇಕು, ತುಟಿಯಡಿಯಲ್ಲಲ್ಲ

ಒಡೆಯರಪಾಳ್ಯದ ಸುತ್ತಮುತ್ತ ಹೊನಲು ಬೆಳಕಿನ ಕಬಡ್ಡಿ ಅಂದರೆ ಊರಹಬ್ಬಕ್ಕೆ ಏನೂ ಕಮ್ಮಿಯಿಲ್ಲ. ಮುಸುಕಿನ ಜೋಳ ಮಾರಾಟವಾಗಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಶಾಲೆ ಮೈದಾನದಲ್ಲಿ ಕಂಬ ನೆಟ್ಟು ಲೈಟು ಕಟ್ಟುತ್ತಾರೆ. ಮೊದಲ ಬಹುಮಾನ ಇಷ್ಟು ಸಾವಿರ ಮತ್ತು ಒಂದು ಟಗರು ಅಂತ ಫ್ಲೆಕ್ಸ್ ಏಳುತ್ತದೆ. ಲೊಕ್ಕನಹಳ್ಳಿ, ಹನೂರು, ಕೊಳ್ಳೇಗಾಲದ ತಂಡಗಳ ಜೊತೆಗೆ ಮಳವಳ್ಳಿ, ಟಿ. ನರಸೀಪುರದ ಕಡೆಯವರೂ ಟೆಂಪೋ ಹತ್ತಿ ಬರುತ್ತಾರೆ. ಪೋಡುಗಳಿಂದ ಸೋಲಿಗರ ಹುಡುಗರು ಬರುತ್ತಾರೆ. ಟಿಬೆಟನ್ ಶಿಬಿರದ ಹುಡುಗರಿಗೆ ಪ್ರಾಣವೆಲ್ಲ ಫುಟ್‌ಬಾಲ್ ಮೇಲಿದ್ದರೂ ಬೈಕಿನಲ್ಲಿ ಬಂದು ಹಿಂದೆ ನಿಂತು ನೋಡುತ್ತಾರೆ. ಕಬಡ್ಡಿಯ ಕೂಗು ಕೇಳಿದ ಮೇಲೆ ಮನೆಯಲ್ಲಿ ಕೂರುವುದು ಕಷ್ಟ.

ಅಂಥದ್ದೊಂದು ರಾತ್ರಿ ನಾವೂ ಹೋಗಿದ್ದೆವು, ವರದಿ ಮಾಡಲು. ಎರಡು ಪಂದ್ಯದ ನಡುವೆ ಒಬ್ಬ ರೈಡರ್ ನಮ್ಮ ಪಕ್ಕ ಬಂದು ಕೂತ. ಹತ್ತೊಂಬತ್ತು ವರ್ಷ ಇರಬಹುದು. ಬೇರೆ ಊರಿನ ತಂಡಕ್ಕೆ ದುಡ್ಡಿಗೆ ಆಡಲು ಬಂದಿದ್ದ. ಅವನ ಒಂದು ರೈಡಿಗೆ ಇಡೀ ಮೈದಾನ ಎದ್ದು ನಿಂತಿತ್ತು. ಆ ಕಡೆ ತಿರುಗಿ, ಸೊಂಟದಿಂದ ಏನೋ ತೆಗೆದು, ಕೆಳತುಟಿಯ ಒಳಗೆ ಇಟ್ಟುಕೊಂಡ. ಹಲ್ಲಿಗೂ ತುಟಿಗೂ ನಡುವೆ ಇಡುವ ತಂಬಾಕಿನ ಪುಟ್ಟ ಚೀಲ. ನಾವು ನೋಡಿದ್ದು ಗೊತ್ತಾಗಿ ನಕ್ಕ.

"ಇದ ಆಕ್ಕಂಡ್ರೆ ದಮ್ಮು ಬತ್ತದೆ ಕಣಣ್ಣ. ಕಾಲು ತಾನಾಗೇ ಆಡ್ತವೆ."

ನಾವೂ ನಕ್ಕೆವು. ಮರುದಿನ "ರೋಚಕ ಪಂದ್ಯ, ಪ್ರೇಕ್ಷಕರ ಮನಸೂರೆಗೊಂಡ ಯುವ ರೈಡರ್" ಅಂತ ಬರೆದೆವು. ತುಟಿಯಡಿ ಇದ್ದದ್ದನ್ನು ಬರೆಯಲಿಲ್ಲ. ಪತ್ರಿಕೋದ್ಯಮ ಓದಿ ಬಂದ ನಮಗೆ ಅವತ್ತು ಕಣ್ಣ ಮುಂದಿದ್ದ ಸುದ್ದಿ ಸುದ್ದಿಯಾಗಿ ಕಾಣಲಿಲ್ಲ. ಈ ಬರಹ ಆ ಬಾಕಿ ತೀರಿಸುವ ಪ್ರಯತ್ನ.

ನಮ್ಮ ಭಾಷೆಯಲ್ಲಿ ದಮ್ಮು ಅನ್ನುವ ಮಾತಿಗೆ ಎರಡು ಅರ್ಥ. ಉಸಿರು ಕಟ್ಟಿ ಎದುರಾಳಿ ಅಂಕಣಕ್ಕೆ ನುಗ್ಗುವವನಿಗೂ ದಮ್ಮು ಬೇಕು, ಬೀಡಿ ಎಳೆಯುವವನೂ ದಮ್ಮು ಹೊಡೆಯುತ್ತಾನೆ. ಎರಡೂ ಒಂದೇ ಮಾತಿನಲ್ಲಿ ಕೂತಿರುವ ಹಾಗೆ ಎರಡೂ ಒಂದೇ ಮೈದಾನದಲ್ಲಿ ಕೂತಿವೆ. ಆಡುವ ಹುಡುಗ ಕೆಡುವುದಿಲ್ಲ ಅಂತ ನಾವೆಲ್ಲ ನಂಬಿದ್ದೇವೆ. ಮೈದಾನಕ್ಕೆ ಕಳಿಸಿದರೆ ಚಟದಿಂದ ದೂರ ಇರುತ್ತಾನೆ ಅಂತ ಅಪ್ಪ ಅಮ್ಮ ನೆಮ್ಮದಿಯಾಗಿರುತ್ತಾರೆ. ನಾವು ನೋಡಿದ ಮಟ್ಟಿಗೆ ಇದು ಅರ್ಧ ಸತ್ಯ. ನಮ್ಮ ಕಡೆಯ ಎಷ್ಟೋ ಹುಡುಗರಿಗೆ ಮೊದಲ ಚೀಟಿ, ಮೊದಲ ಗ್ಲಾಸು, ಮೊದಲ ಇಂಜೆಕ್ಷನ್ ಸಿಕ್ಕಿದ್ದೇ ಆಟದ ಸ್ನೇಹದಲ್ಲಿ. ಹಾಗಿರುವಾಗ ಹುಡುಗನೊಬ್ಬನಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಮೊದಲು ಸರಿಹೋಗಬೇಕಾದದ್ದು ಮೈದಾನ.

ದುಡ್ಡಿಗೆ ಆಡುವ ಹುಡುಗರು

ವೃತ್ತಿಪರ ಆಟಗಾರ ಅಂದ ಕೂಡಲೇ ನಮಗೆ ಟಿವಿಯಲ್ಲಿ ಬರುವವರು ನೆನಪಾಗುತ್ತಾರೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮಣ್ಣಿನಲ್ಲಿ ಆಡುತ್ತಿದ್ದ ಆಟಕ್ಕೆ ಮ್ಯಾಟ್ ಬಂತು, ಹರಾಜು ಬಂತು. ಇತ್ತೀಚಿನ ಹರಾಜುಗಳಲ್ಲಿ ಕೊನೆಯ ವರ್ಗದ ಆಟಗಾರನಿಗೂ ಮೂಲ ಬೆಲೆ 9 ಲಕ್ಷ ರೂಪಾಯಿ, ಮೊದಲ ವರ್ಗಕ್ಕೆ 30 ಲಕ್ಷ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಎತ್ತಿದಾಗ ನಮ್ಮೂರ ಹುಡುಗರ ಮೊಬೈಲ್ ಸ್ಟೇಟಸ್ ತುಂಬ ಅದೇ.

ಆ ಮ್ಯಾಟಿಗೂ ನಮ್ಮ ಮಣ್ಣಿಗೂ ನಡುವೆ ಇರುವವನು ಬಾಡಿಗೆ ಆಟಗಾರ. ಗೆಸ್ಟ್ ಪ್ಲೇಯರ್ ಅಂತಲೂ ಕರೆಯುತ್ತಾರೆ. ಟೂರ್ನಿ ಗೆಲ್ಲಬೇಕೆಂಬ ತಂಡ ಫೋನ್ ಮಾಡಿ ಕರೆಸುತ್ತದೆ. ರಾತ್ರಿಗೆ ಇಷ್ಟು ಅಂತ ಮಾತು, ಬಸ್ ಚಾರ್ಜು, ಊಟ. ಗೆದ್ದರೆ ಮೇಲೆ ಸ್ವಲ್ಪ, ಸೋತರೆ ಕೆಲವು ಸಲ ಮಾತಾಡಿದ್ದೂ ಪೂರ್ತಿ ಕೈಗೆ ಬರುವುದಿಲ್ಲ. ಕಾಲು ಉಳುಕಿದರೆ ಖರ್ಚು ಅವನದೇ. ವಿಮೆ ಇಲ್ಲ, ಕೋಚ್ ಇಲ್ಲ, ಡಾಕ್ಟರ್ ಇಲ್ಲ. ಟೂರ್ನಿ ಕಾಲ ಮುಗಿದ ಮೇಲೆ ಗಾರೆ ಕೆಲಸಕ್ಕೋ ಬೆಂಗಳೂರಿನ ಕಡೆ ಸೆಕ್ಯೂರಿಟಿ ಕೆಲಸಕ್ಕೋ ಹೋಗಬೇಕು. ಆಟವನ್ನು ದುಡಿಮೆ ಮಾಡಿಕೊಂಡಿದ್ದಾನೆ ಅನ್ನುವ ಅರ್ಥದಲ್ಲಿ ಇವನೂ ವೃತ್ತಿಪರನೇ. ವೃತ್ತಿಪರನಿಗೆ ಸಿಗಬೇಕಾದ ಆಸರೆ ಮಾತ್ರ ಒಂದೂ ಇಲ್ಲ. ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್ ಆಡುವವರ ಕತೆಯೂ ಇದೇ.

ದೇಶಕ್ಕೆ ಆಡಿದವರಿಗೂ ಈ ಅನಿಶ್ಚಿತತೆ ತಪ್ಪಿಲ್ಲ. ಟಿ. ನರಸೀಪುರ ತಾಲ್ಲೂಕಿನ ಕುರುಬೂರು ನಮಗೆ ದೂರದ ಊರಲ್ಲ. ಆ ಊರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ಮಹಿಳಾ ತಂಡದಲ್ಲಿದ್ದರು. ಪುರುಷರ ತಂಡದಲ್ಲಿ ಮಂಡ್ಯ ಕಡೆಯ ಎಂ.ಕೆ. ಗೌತಮ್ ಇದ್ದರು. ರಾಜ್ಯ ಸರ್ಕಾರ ಘೋಷಿಸಿದ 5 ಲಕ್ಷ ರೂಪಾಯಿ ತಮಗೆ ಬೇಡ ಅಂತ ಇಬ್ಬರೂ ಹೇಳಿದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿ ಲೆಕ್ಕದಲ್ಲಿ ಹಣವನ್ನೂ ಸರ್ಕಾರಿ ಕೆಲಸವನ್ನೂ ಕೊಟ್ಟಾಗ ನಮ್ಮವರಿಗೆ ಇಷ್ಟೇನಾ ಅನ್ನುವುದು ಅವರ ನೋವು. ವಿಶ್ವಕಪ್ ಗೆದ್ದವರೇ ನಾಳೆ ಏನು ಅಂತ ಕೇಳಬೇಕಾದರೆ, ಟಗರಿಗಾಗಿ ಆಡುವ ಹುಡುಗನ ತಲೆಯೊಳಗೆ ರಾತ್ರಿ ಏನು ಓಡಬಹುದು? ಆ ಹೊತ್ತಿಗೆ ಪಕ್ಕದಲ್ಲಿ ಒಂದು ಪ್ಯಾಕೆಟ್ ಇದ್ದರೆ ಅದು ಸುಲಭದ ಉತ್ತರ.

ತುಟಿಯಡಿಯ ಸಾಲ

ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ತಂಬಾಕು ಇಟ್ಟುಕೊಂಡ ಕೆಲವು ನಿಮಿಷಕ್ಕೆ ನಿಕೋಟಿನ್ ಬಾಯಿಯ ತೆಳು ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತದೆ. ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಮನಸ್ಸು ಚುರುಕಾದ ಹಾಗೆ ಅನಿಸುತ್ತದೆ. ಆದರೆ ಅದೇ ಹೊತ್ತಿಗೆ ಎದೆಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಹೆಚ್ಚುತ್ತದೆ. ಮೂವತ್ತು ಸೆಕೆಂಡಿನ ರೈಡಿನಲ್ಲಿ ಎದೆ ಮೊದಲೇ ಓಡುತ್ತಿರುತ್ತದೆ. ಓಡುವ ಎತ್ತಿಗೆ ಇನ್ನೊಂದು ಬಾರುಕೋಲಿನ ಏಟು ಕೊಟ್ಟ ಹಾಗೆ.

ಮುಂದಿನದು ಇನ್ನೂ ಮೋಸ. ಕೆಲವು ತಿಂಗಳಾದ ಮೇಲೆ ಅದು ಇಲ್ಲದಿದ್ದರೆ ಕೈ ನಡುಗುತ್ತದೆ, ಸಿಟ್ಟು ಬರುತ್ತದೆ, ಗಮನ ನಿಲ್ಲುವುದಿಲ್ಲ. ಇಟ್ಟುಕೊಂಡರೆ ಸರಿಹೋಗುತ್ತದೆ. ದಮ್ಮು ಬಂತು ಅಂತ ಹುಡುಗ ಅಂದುಕೊಳ್ಳುತ್ತಾನೆ. ನಿಜಕ್ಕೂ ತಂಬಾಕು ಕಿತ್ತುಕೊಂಡದ್ದನ್ನು ತಂಬಾಕೇ ಒಂದು ಗಂಟೆಯ ಮಟ್ಟಿಗೆ ವಾಪಸು ಕೊಟ್ಟಿರುತ್ತದೆ, ಅಷ್ಟೆ. ಮೀಟರ್ ಬಡ್ಡಿಯ ಸಾಲ ಕಂಡವರಿಗೆ ಈ ಲೆಕ್ಕ ಹೊಸದಲ್ಲ. ಬಾಯಿ ಪೂರ್ತಿ ತೆರೆಯಲಾಗದ ಸ್ಥಿತಿ, ಬಾಯಿ ಕ್ಯಾನ್ಸರ್, ಇವೆಲ್ಲ ಆಮೇಲಿನ ಕಂತುಗಳು.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದವರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಲ್ಲೇ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂತು. ಎರಡನ್ನೂ ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಕತೆ ಮುಗಿಯಿತು. ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದು ಅಂತ 2003ರ ಕೇಂದ್ರ ಕಾನೂನು ಹೇಳುತ್ತದೆ. 21 ವರ್ಷದೊಳಗಿನವರಿಗೆ ಮಾರಬಾರದು ಅಂತ 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಹೇಳುತ್ತದೆ. ನಮ್ಮ ಟೂರ್ನಿಗಳು ನಡೆಯುವುದು ಶಾಲೆ ಮೈದಾನದಲ್ಲಿ, ಆಡುವವರಲ್ಲಿ ಎಷ್ಟೋ ಮಂದಿಗೆ 21 ತುಂಬಿಲ್ಲ. ಅಂದರೆ ಆ ರಾತ್ರಿ ಮೈದಾನದ ಅಂಚಿನಲ್ಲಿ ಎದ್ದ ಪೆಟ್ಟಿಗೆ ಅಂಗಡಿಯಲ್ಲಿ ನೇತಾಡುತ್ತಿದ್ದ ಚೀಟಿಸರ ಎರಡು ಬಗೆಯಲ್ಲಿ ತಪ್ಪು. ಅದನ್ನು ನಾವೂ ಸೇರಿದಂತೆ ಎಲ್ಲರೂ ನೋಡುತ್ತಿದ್ದೆವು.

ಗೆದ್ದರೂ ಎಣ್ಣೆ, ಸೋತರೂ ಎಣ್ಣೆ

ಪಂದ್ಯ ಮುಗಿಯುವ ಹೊತ್ತಿಗೆ ಬೆಳಗಿನ ಜಾವ. ಗೆದ್ದ ತಂಡಕ್ಕೆ ಊರಿನ ದೊಡ್ಡವರೊಬ್ಬರು ಪಾರ್ಟಿ ಕೊಡುತ್ತಾರೆ. ಟಗರು ಬೇಯುತ್ತದೆ, ಟೆಟ್ರಾ ಪ್ಯಾಕುಗಳು ಬರುತ್ತವೆ. ಹದಿನೆಂಟರ ಹುಡುಗನ ಕೈಗೆ ಗ್ಲಾಸು ಕೊಟ್ಟು "ತಗಳ್ಲಾ, ಇವತ್ತು ನೀನೇ ಹೀರೊ" ಅನ್ನುವವರು ಅವನ ಅಪ್ಪನ ವಯಸ್ಸಿನವರು. ಪ್ರೀತಿಯಿಂದಲೇ ಕೊಡುತ್ತಾರೆ. ಬೇಡ ಅಂದರೆ ಗಂಡಸೇನ್ಲಾ ನೀನು ಅನ್ನುವ ಮಾತು.

ಆಟವಾಡಿ ಬೆವರು ಸುರಿಸಿದ ಮೈಗೆ ಆಗ ಬೇಕಿರುವುದು ನೀರು, ಉಪ್ಪು, ಊಟ, ನಿದ್ದೆ. ಮದ್ಯ ನೀರನ್ನು ಇನ್ನಷ್ಟು ಹೊರಗೆ ಹಾಕುತ್ತದೆ. ನಿದ್ದೆ ಬಂದ ಹಾಗೆ ಕಂಡರೂ ಆಳದ ನಿದ್ದೆ ಕೆಡಿಸುತ್ತದೆ. ಹರಿದ ಸ್ನಾಯು ಕೂಡಿಕೊಳ್ಳುವುದನ್ನು ತಡ ಮಾಡುತ್ತದೆ. ಮರುದಿನ ಇನ್ನೊಂದು ಊರಿನಲ್ಲಿ ಆಡಬೇಕಾದ ಹುಡುಗ ಅರೆಬರೆ ಮೈಯಲ್ಲಿ ಅಂಕಣಕ್ಕಿಳಿಯುತ್ತಾನೆ. ಮಂಡಿ ಹೋಗುವುದು ಅಂಥ ದಿನವೇ.

ಹುಡುಗರನ್ನಷ್ಟೇ ಬೈಯುವುದು ನ್ಯಾಯವಲ್ಲ ಅನ್ನುವುದಕ್ಕೆ ಅವರ ಮೈಮೇಲಿನ ಅಂಗಿಯೇ ಸಾಕ್ಷಿ. ನಮ್ಮ ಮೈದಾನಗಳಲ್ಲಿ ಹತ್ತರಲ್ಲಿ ನಾಲ್ಕು ಜನ ಆರ್‌ಸಿಬಿ ಅಂಗಿ ಹಾಕಿರುತ್ತಾರೆ. 2025ರ ಜೂನ್ 3ರಂದು ಕಪ್ ನಮ್ದೇ ಆದಾಗ ನಾವೂ ಕುಣಿದೆವು. ಆ ತಂಡದ ಹೆಸರಿನ ಮೊದಲೆರಡು ಪದ ಬಂದದ್ದು 2008ರಲ್ಲಿ ತಂಡ ಕೊಂಡ ಮದ್ಯ ಉದ್ಯಮಿಯ ವಿಸ್ಕಿ ಬ್ರ್ಯಾಂಡಿನಿಂದ. ಐಪಿಎಲ್ ನಡುನಡುವೆ ದೊಡ್ಡ ನಟರು ಏಲಕ್ಕಿಯ ಹೆಸರಿನಲ್ಲಿ ಪಾನ್ ಮಸಾಲ ಬ್ರ್ಯಾಂಡು ನೆನಪಿಸುತ್ತಾರೆ. ಮೈದಾನದಲ್ಲೂ ಪ್ರಸಾರದಲ್ಲೂ ತಂಬಾಕು, ಮದ್ಯದ ಜಾಹೀರಾತು ಬೇಡ ಅಂತ 2025ರ ಮಾರ್ಚ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರೇ ಐಪಿಎಲ್‌ಗೆ ಪತ್ರ ಬರೆಯಬೇಕಾಯಿತು. ತಂಬಾಕಿನ ಜಾಹೀರಾತು ಮಾಡುವುದಿಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟು ನಡೆದುಕೊಂಡ ಸಚಿನ್ ತೆಂಡೂಲ್ಕರ್ ಥರದವರೂ ಇದ್ದಾರೆ. ನಮ್ಮ ಹುಡುಗರ ಕಣ್ಣಿಗೆ ದಿನವೂ ಬೀಳುವುದು ಏಲಕ್ಕಿ ಮಾತ್ರ.

ಮೊಬೈಲಿನದು ಇನ್ನೊಂದು ಬಾಗಿಲು. ಆಟ ಬಲ್ಲವನು ನಾನು, ಯಾರು ಗೆಲ್ಲುತ್ತಾರೆ ನನಗೆ ಗೊತ್ತಾಗುವುದಿಲ್ಲವಾ ಅನ್ನುವ ಹುಮ್ಮಸ್ಸಿನಲ್ಲೇ ಆಟಗಾರ ಹುಡುಗರು ಬೆಟ್ಟಿಂಗಿಗೆ ಇಳಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನು ತಂದು ನಿಷೇಧಿಸಿತು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಅಂಥದ್ದೊಂದು ಆ್ಯಪಿನ ಹೆಸರೂ ಹೋಯಿತು. ಹುಡುಗರು ಮಾಡಿಕೊಂಡ ಸಾಲ ಹೋಗಲಿಲ್ಲ. ಊರಿನೊಳಗೆ ಪಂದ್ಯದ ಮೇಲೆ ಕೈಬೆಟ್ಟು ಕಟ್ಟುವುದೂ ನಿಂತಿಲ್ಲ.

ಕೊಟ್ಟದ್ದನ್ನು ನುಂಗುವ ಅಭ್ಯಾಸ

ನಮಗೆ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು ಮಾತ್ರೆ, ಸೂಜಿ. ಮಂಡಿ ಊದಿಕೊಂಡ ಹುಡುಗನಿಗೆ ನೋವಿನ ಇಂಜೆಕ್ಷನ್ ಹಾಕಿಸಿ ಮುಂದಿನ ಪಂದ್ಯ ಆಡಿಸುತ್ತಾರೆ. ನೋವು ಅನ್ನುವುದು ಇಲ್ಲಿ ಏನೋ ಹರಿದಿದೆ ನಿಲ್ಲು ಅಂತ ಮೈ ಹೇಳುವ ಮಾತು. ಅದರ ಬಾಯಿ ಮುಚ್ಚಿಸಿ ಆಡಿದರೆ ಸಣ್ಣ ಗಾಯ ದೊಡ್ಡದಾಗುತ್ತದೆ. ಬೆವರಿ ನೀರು ಕಳೆದುಕೊಂಡ ಮೈಗೆ ನೋವಿನ ಮಾತ್ರೆ ಮೇಲೆ ಮೇಲೆ ಬಿದ್ದರೆ ಕಿಡ್ನಿಗೆ ಪೆಟ್ಟು. ತೂಕದ ವಿಭಾಗದಲ್ಲಿ ಆಡಲು ಎರಡು ದಿನ ಊಟ ಬಿಟ್ಟು, ಮೂತ್ರ ಹೆಚ್ಚು ಹೋಗುವ ಮಾತ್ರೆ ನುಂಗುವವರಿದ್ದಾರೆ. ಮೈ ತುಂಬಲಿ ಅಂತ ಜಿಮ್ಮಿನ ಅಣ್ಣ ಕೊಟ್ಟ, ಹೆಸರೂ ಗೊತ್ತಿಲ್ಲದ ಮಾತ್ರೆ ತಿನ್ನುವವರಿದ್ದಾರೆ.

ನಾವು ಕೇಳಿದವರಲ್ಲಿ ಯಾರೂ ಅದು ಏನು ಅಂತ ಕೇಳಿಕೊಂಡಿರಲಿಲ್ಲ. ಅಣ್ಣ ಕೊಟ್ಟರು, ತಗೊಂಡೆ. ಈ ಮುಗ್ಧತೆಗೆ ಎಂಥ ಬೆಲೆ ತೆರಬೇಕಾಗುತ್ತದೆ ಅನ್ನುವುದನ್ನು ಕನ್ನಡನಾಡು ಕಣ್ಣಾರೆ ಕಂಡಿದೆ. ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದರು. ಅದೇ ವರ್ಷ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನವನ್ನೂ ಗೆದ್ದರು. ಮರುವರ್ಷ ಪರೀಕ್ಷೆಯಲ್ಲಿ ಸ್ಟಿರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ತಂದುಕೊಟ್ಟ ಜಿನ್ಸೆಂಗ್ ಪೂರಕದಿಂದ ಅದು ಮೈ ಸೇರಿತು ಅನ್ನುವುದು ಓಟಗಾರ್ತಿಯರ ವಾದ. ಕೋಚನ್ನು ತೆಗೆದುಹಾಕಿದರು. ಓಟಗಾರ್ತಿಯರಿಗೆ ಇಲ್ಲಿ ಒಂದು ವರ್ಷದ ನಿಷೇಧವಾಯಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮದ್ದು ತಡೆ ನಿಯಮದಲ್ಲಿ ಗೊತ್ತಿರಲಿಲ್ಲ ಅನ್ನುವ ಮಾತಿಗೆ ಪೂರ್ತಿ ಕ್ಷಮೆ ಸಿಗುವುದು ಬಹಳ ಅಪರೂಪ. ಮೈಯೊಳಗೆ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ.

ದೇಶದ ಲೆಕ್ಕವೂ ನಾಚಿಕೆ ತರಿಸುವಂಥದ್ದು. 2024ರಲ್ಲಿ ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ, ಪರೀಕ್ಷೆಗೆ ಕಳಿಸಿದ 7,113 ಮಾದರಿಗಳಲ್ಲಿ 260ರಲ್ಲಿ ನಿಷೇಧಿತ ಮದ್ದು ಸಿಕ್ಕಿತು. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದ ಸುದ್ದಿ ಹಬ್ಬಿದಾಗ ಎಷ್ಟೋ ಸ್ಪರ್ಧಿಗಳು ಜಾಗ ಖಾಲಿ ಮಾಡಿದರು. ಪುರುಷರ 100 ಮೀಟರ್ ಫೈನಲ್‌ನಲ್ಲಿ ಒಬ್ಬನೇ ಓಡಿದ.

ನಮ್ಮ ಟಗರು ಟೂರ್ನಿಗೆ ನಾಡಾದವರು ಬರುವುದಿಲ್ಲ. ಆದ್ದರಿಂದಲೇ ಇಲ್ಲಿ ಕಲಿತ ಅಭ್ಯಾಸ ಮೇಲೆ ಹೋದಾಗ ಕುತ್ತಿಗೆಗೆ ಬರುತ್ತದೆ. ನಿಕೋಟಿನ್ ನಿಷೇಧಿತ ಪಟ್ಟಿಯಲ್ಲಿಲ್ಲ, ಆದರೂ ವಿಶ್ವ ಸಂಸ್ಥೆ ವಾಡಾ 2012ರಿಂದ ಅದರ ಮೇಲೆ ಕಣ್ಣಿಟ್ಟಿದೆ. ಮೂತ್ರ ಹೆಚ್ಚಿಸುವ ಮಾತ್ರೆಗಳು ಎಲ್ಲ ಕಾಲಕ್ಕೂ ನಿಷಿದ್ಧ. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ 2024ರಿಂದ ಪಂದ್ಯದ ಸಮಯದಲ್ಲಿ ನಿಷಿದ್ಧ. ನಮ್ಮ ದೇಶದಲ್ಲಿ 2018ರಿಂದ ಅದು ಮಾದಕ ವಸ್ತು ಕಾಯ್ದೆಯ ಕೆಳಗೂ ಇದೆ, ಯಾಕೆಂದರೆ ಅದೂ ಚಟ ಹಿಡಿಸುತ್ತದೆ. ಹನೂರು ತಾಲ್ಲೂಕಿನ ಹೊಲಗಳಲ್ಲಿ ಗಾಂಜಾ ಗಿಡ ಪತ್ತೆ ಅನ್ನುವ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಹೋದ ವಾರ ಸೇದಿದ ಗಾಂಜಾ ಈ ವಾರದ ಮೂತ್ರದಲ್ಲಿ ಸಿಗಬಹುದು ಅಂತ ನಮ್ಮ ಹುಡುಗರಿಗೆ ಯಾರೂ ಹೇಳಿಲ್ಲ.

ನಮ್ಮ ಮನೆಯಲ್ಲೇ ಇರುವುದು

ಪ್ರೋಟೀನ್ ಪೌಡರ್ ಡಬ್ಬಿಗೆ ಸಾವಿರಗಟ್ಟಲೆ ಕೊಡುವ ಹುಡುಗರು ಹುರುಳಿಕಾಳಿನ ಸಾರು ನೋಡಿ ಮೂಗು ಮುರಿಯುತ್ತಾರೆ. ಲೆಕ್ಕ ಹಾಕೋಣ. ಗಟ್ಟಿಯಾಗಿ ಆಟ ಆಡುವ 60 ಕೆ.ಜಿ. ತೂಕದ ಹುಡುಗನಿಗೆ ದಿನಕ್ಕೆ ಕನಿಷ್ಠ 72 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 22 ಗ್ರಾಂ ಇದೆ. ಒಂದು ಹಿಡಿ, ಅಂದರೆ 50 ಗ್ರಾಂ, ಕಡಲೆಕಾಯಿ ಬೀಜದಲ್ಲಿ 12. ಮೂರು ಮೊಟ್ಟೆಯಲ್ಲಿ 18. ಅರ್ಧ ಲೀಟರ್ ಹಾಲಿನಲ್ಲಿ 16. ದಿನದ ಮುದ್ದೆಗಳಿಗೆ ಬೇಕಾದ 300 ಗ್ರಾಂ ರಾಗಿ ಹಿಟ್ಟಿನಲ್ಲಿ 21. ಕೂಡಿದರೆ 89. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಸುಣ್ಣದಂಶವೂ ಇದೆ, ಮೂಳೆಗೆ ಬೇಕಾದದ್ದು ಅದೇ. ಈ ನೆಲದಲ್ಲಿ ಬೆಳೆಯುವ ರಾಗಿ, ಹುರುಳಿ, ಅವರೆಯಲ್ಲೇ ಡಬ್ಬಿಯೊಳಗಿನ ಬಹುಪಾಲು ಇದೆ. ಅದರಲ್ಲಿ ಏನು ಬೆರೆಸಿದ್ದಾರೋ ಅನ್ನುವ ಭಯವೂ ಇಲ್ಲ.

ಇಪ್ಪತ್ತು ರೂಪಾಯಿಯ ಎನರ್ಜಿ ಡ್ರಿಂಕ್ ಬದಲು ಉಪ್ಪು, ನಿಂಬೆ, ಚೂರು ಬೆಲ್ಲ ಹಾಕಿದ ನೀರು ಸಾಕು. ಉಪ್ಪು ಹಾಕಿದ ಮಜ್ಜಿಗೆ ಇನ್ನೂ ಒಳ್ಳೆಯದು. ದಮ್ಮು ಬೇಕು ಅಂದರೆ ಬೆಳಗ್ಗೆ ಓಡಬೇಕು. ಏರುದಾರಿಗೆ ನಮ್ಮಲ್ಲಿ ಬರವಿಲ್ಲ. ಎದೆಯ ಉಸಿರು ದಿನದಿನಕ್ಕೆ ಬೆಳೆಯುತ್ತದೆ, ಚೀಟಿಯಲ್ಲಿ ಸಿಗುವುದಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಚಟಕ್ಕಿಂತ ಊಟವೇ ದೊಡ್ಡ ಪ್ರಶ್ನೆ. ಗಂಡಸರು ಉಂಡ ಮೇಲೆ ಉಳಿದದ್ದರಲ್ಲಿ ಉಣ್ಣುವ ಮನೆಯ ಹುಡುಗಿ ಖೋ ಖೋ ಅಂಕಣದಲ್ಲಿ ತಲೆಸುತ್ತಿ ಬಿದ್ದರೆ ಅದು ಅವಳ ದೌರ್ಬಲ್ಯವಲ್ಲ. ಶಾಲೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ನುಂಗಿಸಿ, ತಟ್ಟೆಗೆ ಸೊಪ್ಪು, ಕಾಳು, ಮೊಟ್ಟೆ ಮೊದಲು ಬಡಿಸಿದರೆ ಇನ್ನಷ್ಟು ಚೈತ್ರಾಗಳು ಬರುತ್ತಾರೆ.

ಟೂರ್ನಿ ಮಾಡುವವರಿಗೆ ನಮ್ಮ ಮನವಿ

ಆಡೋ ಹುಡುಗರನ್ನು ಹೀಗೆಲ್ಲ ಬರೆದು ಊರ ಮಾನ ಕಳೆಯಬೇಡಿ ಅಂತ ಕೆಲವರು ನಮಗೆ ಹೇಳಿದ್ದಾರೆ. ಟೂರ್ನಿ ನಿಂತರೆ ಹುಡುಗರು ಇನ್ನೂ ಕೆಡುತ್ತಾರೆ ಅಂತಲೂ ಹೇಳಿದ್ದಾರೆ. ಎರಡನೆಯ ಮಾತನ್ನು ನಾವು ಒಪ್ಪುತ್ತೇವೆ. ಟೂರ್ನಿ ನಿಲ್ಲಬಾರದು. ಕೈಯಿಂದ ದುಡ್ಡು ಹಾಕಿ, ನಿದ್ದೆಗೆಟ್ಟು ಟೂರ್ನಿ ಮಾಡುವ ಯುವಕ ಸಂಘದವರ ಮೇಲೆ ನಮಗೆ ಗೌರವವಿದೆ. ಗೌರವ ಇರುವುದರಿಂದಲೇ ಅವರನ್ನು ಕೇಳುತ್ತಿದ್ದೇವೆ.

ಮೈದಾನದ ಸುತ್ತ ತಂಬಾಕು, ಮದ್ಯ ಮಾರುವ ಅಂಗಡಿಗೆ ಜಾಗ ಕೊಡಬೇಡಿ. ಕಡಲೆಕಾಯಿ, ಚುರುಮುರಿ, ಕಾಫಿ, ಮಜ್ಜಿಗೆಯ ಅಂಗಡಿಗೆ ಕೊಡಿ. ಅಂಕಣದೊಳಗೆ ಬಾಯಲ್ಲಿ ತಂಬಾಕಿಟ್ಟುಕೊಂಡು ಇಳಿಯುವಂತಿಲ್ಲ ಅಂತ ನಿಯಮ ಮಾಡಿ, ಅಂಪೈರ್‌ಗೆ ಅಧಿಕಾರ ಕೊಡಿ. ಫ್ಲೆಕ್ಸಿನ ಮೇಲೆ ಯಾರ ಹೆಸರು ಹಾಕುತ್ತೀರಿ ಅನ್ನುವುದನ್ನು ಒಮ್ಮೆ ಯೋಚಿಸಿ. ಇಡೀ ರಾತ್ರಿ ಆಡಿಸುವ ಬದಲು ಮಧ್ಯಾಹ್ನವೇ ಶುರು ಮಾಡಿ, ಹನ್ನೊಂದಕ್ಕೆ ಮುಗಿಸಿ. ಐಸು, ಬ್ಯಾಂಡೇಜು, ಒಬ್ಬ ನರ್ಸ್ ಇರಲಿ. ಮಂಡಿ ಊದಿದವನನ್ನು ಇಂಜೆಕ್ಷನ್ ಕೊಟ್ಟು ಇಳಿಸುವ ತಂಡವನ್ನು ಹೊರಗಿಡಿ. ಬಾಡಿಗೆ ಆಟಗಾರನಿಗೆ ಮಾತಾಡಿದ ದುಡ್ಡನ್ನು ಸೋತರೂ ಕೊಡಿಸಿ, ಅವನ ಖಾತೆಗೇ ಹಾಕಿಸಿ. ಟಗರು ಬಹುಮಾನ ಹಾಗೇ ಇರಲಿ. ಅದರ ಜೊತೆಗಿನ ಟೆಟ್ರಾ ಪ್ಯಾಕು ಬೇಡ.

ಪಿ.ಇ. ಮೇಷ್ಟ್ರುಗಳಿಗೂ ಒಂದು ಮಾತು. ಎಷ್ಟೋ ಶಾಲೆಗಳಲ್ಲಿ ನಿಮ್ಮ ಹುದ್ದೆಯೇ ಖಾಲಿ ಇದೆ ಅನ್ನುವುದು ನಮಗೆ ಗೊತ್ತು, ಅದು ಸರ್ಕಾರ ಉತ್ತರಿಸಬೇಕಾದ ಪ್ರಶ್ನೆ. ಇರುವವರು ವರ್ಷಕ್ಕೆ ಒಂದು ಪಾಠ, ಯಾವ ಮಾತ್ರೆ ನುಂಗಬಾರದು, ಏನು ಕೇಳಿ ನುಂಗಬೇಕು ಅನ್ನುವುದನ್ನು ಹೇಳಿದರೂ ಸಾಕು.

ಈಗಾಗಲೇ ಹಿಡಿದುಕೊಂಡಿರುವ ತಮ್ಮಂದಿರಿಗೆ: ಬಿಡಲಾಗದಿರುವುದು ನಿಮ್ಮ ಹೇಡಿತನವಲ್ಲ, ನಿಕೋಟಿನ್ ಮಾಡುವುದೇ ಅದನ್ನು. ಮೊದಲ ಕೆಲವು ದಿನ ಬಹಳ ಕಷ್ಟ, ಎರಡು ಮೂರು ವಾರ ಕಳೆದರೆ ಹಗುರವಾಗುತ್ತದೆ. ತಂಬಾಕು ಬಿಡಲು ಸಹಾಯಕ್ಕೆ 1800-11-2356, ಮದ್ಯ ಮತ್ತು ಮಾದಕ ವಸ್ತುವಿಗೆ 14446, ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮನಸ್ 14416. ಮೂರೂ ಉಚಿತ. ಇನ್ನು ನಮ್ಮದು. ಟೂರ್ನಿ ವರದಿ ಮಾಡುವಾಗ ಅಂಕಣದ ಹೊರಗೆ ಕಂಡದ್ದನ್ನೂ ಬರೆಯುತ್ತೇವೆ, ಹುಡುಗರ ಹೆಸರು ಹಾಕದೆ. ನಿಯಮ ಮಾಡಿ ನಡೆಸಿದ ಸಂಘದ ಹೆಸರನ್ನು ದೊಡ್ಡದಾಗಿ ಹಾಕುತ್ತೇವೆ.

ಆ ರೈಡರ್ ಹುಡುಗ ಮೊನ್ನೆ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದ. ಮಂಡಿಗೆ ಪಟ್ಟಿ ಸುತ್ತಿತ್ತು. ಬೆಂಗಳೂರಿನ ಬಸ್ಸಿಗೆ ಕಾಯುತ್ತಿದ್ದ. ಬಿಟ್ಟೆಯೇನಪ್ಪಾ ಅಂತ ಕೇಳಿದೆವು. ತುಟಿ ಮುಟ್ಟಿಕೊಂಡು ನಕ್ಕ.

"ಬುಡ್ಬೇಕು ಅಂತ್ಲೇ ಅವ್ನಿ ಕಣಣ್ಣ. ಆಡೋ ಜಾಗ್ದಲ್ಲಿ ಎಲ್ರೂ ಆಕ್ಕಂಡಿರ್ತಾರೆ. ನಾನೊಬ್ನೇ ಎಂಗ್ ಬುಡ್ಲಿ?"

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಬಸ್ಸು ಬಂತು, ಅವನು ಹತ್ತಿದ. ಈ ಸಲ ಜೋಳ ಮಾರಿ ಮೈದಾನದಲ್ಲಿ ಕಂಬ ನೆಡುವ ಹೊತ್ತಿಗೆ ಅವನು ಮತ್ತೆ ಆಡಲು ಬರುತ್ತಾನೆ. ಅಷ್ಟರೊಳಗೆ ಅವನ ಪ್ರಶ್ನೆಗೆ ಊರು ಒಂದು ಉತ್ತರ ಸಿದ್ಧ ಮಾಡಿಟ್ಟಿರಬೇಕು.